ಪುಟ್ಟ ಮಕ್ಕಳಿಗೆ ಯಾವ ಸಿನಿಮಾ, ಎಲ್ಲಿ, ಯಾವಾಗ: ಹೋಲಿಸಿ ಆರಿಸುವ ಬಗೆ

ವಾರಾಂತ್ಯಕ್ಕೆ ಮಕ್ಕಳ ಸಿನಿಮಾ ಹುಡುಕಲು ಬುಕಿಂಗ್ ಆ್ಯಪ್ ತೆರೆದರೆ ಹೆಚ್ಚಿನ ಅಪ್ಪ ಅಮ್ಮಂದಿರ ಕಣ್ಣು ಹೋಗುವುದು ಎರಡೇ ಕಡೆಗೆ: ಪೋಸ್ಟರ್‌ನಲ್ಲಿ ಕಾರ್ಟೂನ್ ಇದೆಯಾ, ಹೆಸರಿನ ಕೆಳಗೆ ‘ಯು’ ಅಂತ ಇದೆಯಾ. ಎರಡೂ ಇದ್ದರೆ ಟಿಕೆಟ್ ತೆಗೆದ ಹಾಗೇ. ಆಮೇಲೆ ನಾಲ್ಕು ವರ್ಷದ ಮಗು ಇಂಟರ್‌ವಲ್‌ಗೂ ಮೊದಲೇ ಅಮ್ಮನ ಮಡಿಲಲ್ಲಿ ಮುಖ ಮುಚ್ಚಿಕೊಂಡು ಮನೆಗೆ ಹೋಗೋಣ ಎಂದು ಹಟ ಹಿಡಿದಾಗ ಎಲ್ಲಿ ತಪ್ಪಾಯಿತು ಎಂದು ತಿಳಿಯುವುದಿಲ್ಲ. ಸಿನಿಮಾದಲ್ಲಿ ಏನಿಲ್ಲ ಎಂಬುದನ್ನಷ್ಟೇ ಸರ್ಟಿಫಿಕೇಟ್ ಹೇಳುತ್ತದೆ. ಇರುವುದರಲ್ಲಿ ನಿಮ್ಮ ಮಗುವಿಗೆ ಎಷ್ಟು ತಡೆಯುತ್ತದೆ ಎಂಬ ಲೆಕ್ಕ ಮನೆಯವರೇ ಹಾಕಬೇಕು. ಆ ಲೆಕ್ಕಕ್ಕೆ ಬೇಕಾದ ವಿವರಗಳು ಇಲ್ಲಿವೆ. ಮೂರರಿಂದ ಹತ್ತು ವರ್ಷದ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

ತೀರಾ ಚಿಕ್ಕವರ ವಿಷಯ ಬೇಗ ಮುಗಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯ ಪ್ರಕಾರ ಎರಡು ವರ್ಷ ತುಂಬುವವರೆಗೆ ಪರದೆಯ ಮುಂದೆ ಕೂರಿಸುವುದೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ, ಅದಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು. ಹಾಗಾಗಿ ಮೂರು ವರ್ಷದ ಮಗುವಿಗೆ ಪೂರ್ತಿ ಉದ್ದದ ಯಾವ ಸಿನಿಮಾವೂ ಒಂದೇ ಸಲಕ್ಕೆ ಹೊಂದುವುದಿಲ್ಲ, ಎಷ್ಟೇ ಒಳ್ಳೆಯದಿರಲಿ. ಆ ವಯಸ್ಸಿಗೆ ಮನೆಯಲ್ಲಿ ಇಪ್ಪತ್ತು ನಿಮಿಷದ ತುಂಡುಗಳೇ ಸರಿ.

ಸರ್ಟಿಫಿಕೇಟ್, ಒಟಿಟಿ ಗುರುತು, ಹೊರದೇಶದ ರೇಟಿಂಗ್: ಯಾವುದನ್ನು ಎಷ್ಟು ನಂಬುವುದು

ಥಿಯೇಟರ್‌ಗೆ ಬರುವ ಸಿನಿಮಾಗಳಿಗೆ ಸರ್ಟಿಫಿಕೇಟ್ ಕೊಡುವುದು ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿ, ಎಲ್ಲರ ಬಾಯಲ್ಲೂ ಸೆನ್ಸಾರ್ ಬೋರ್ಡ್. 1952ರ ಸಿನಿಮಾಟೋಗ್ರಾಫ್ ಕಾಯ್ದೆಗೆ 2023ರಲ್ಲಿ ತಿದ್ದುಪಡಿಯಾಗಿ, 2024ರಲ್ಲಿ ಹೊಸ ನಿಯಮ ಬಂದ ಮೇಲೆ ಹಳೆಯ ‘ಯುಎ’ ಮೂರು ಪಾಲಾಗಿದೆ: ಯುಎ 7+, ಯುಎ 13+, ಯುಎ 16+. ಹಳೆಯ ‘ಯುಎ’ ಹನ್ನೆರಡು ವರ್ಷದೊಳಗಿನವರಿಗೆ ಹಿರಿಯರ ಮಾರ್ಗದರ್ಶನ ಬೇಕು ಎಂದಷ್ಟೇ ಹೇಳುತ್ತಿತ್ತು. ಅದರಡಿ ನಾಯಿಮರಿಯ ಕಥೆಯೂ ಬರುತ್ತಿತ್ತು, ಮಚ್ಚು ಬೀಸುವ ಕಥೆಯೂ ಬರುತ್ತಿತ್ತು. ಈಗಿನ ಮೂರು ಮೆಟ್ಟಿಲು ನಿಜಕ್ಕೂ ಉಪಯೋಗದ್ದು. ಆದರೆ ಹಳೆಯ ಸಿನಿಮಾಗಳ ಮೇಲೆ ಇವತ್ತಿಗೂ ಬರೀ ‘ಯುಎ’ ಎಂದೇ ಇರುತ್ತದೆ. ಅಂಥದ್ದು ಕಂಡರೆ 13+ ಎಂದೇ ಮೊದಲು ಲೆಕ್ಕ ಹಿಡಿದು, ವಿಚಾರಿಸಿದ ಮೇಲೆ ಕೆಳಗಿಳಿಸುವುದು ಕ್ಷೇಮ.

ಈ ಸಂಖ್ಯೆಗಳು ಪೋಷಕರಿಗೆ ಕೊಟ್ಟ ಸೂಚನೆ ಮಾತ್ರ. ‘ಎ’ ಸಿನಿಮಾಗೆ ಹದಿನೆಂಟರ ಕೆಳಗಿನವರನ್ನು ಅಪ್ಪ ಅಮ್ಮ ಜೊತೆಗಿದ್ದರೂ ಬಿಡುವಂತಿಲ್ಲ. ಯುಎ 16+ ಸಿನಿಮಾಗೆ ಐದು ವರ್ಷದ ಮಗುವನ್ನು ಕರೆದೊಯ್ದರೆ ಗೇಟಿನಲ್ಲಿ ತಡೆಯುವ ಕಾನೂನು ಇಲ್ಲ. ತಡೆಯಬೇಕಾದವರು ನೀವೇ.

ಒಟಿಟಿಯಲ್ಲಿ ಕಾಣುವ ಯು, ಯುಎ 7+ ಮುಂತಾದ ಗುರುತುಗಳು ನೋಡಲು ಅದೇ ಥರ ಇದ್ದರೂ ಬಂದ ದಾರಿ ಬೇರೆ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಅವನ್ನು ಆಯಾ ಕಂಪನಿಯೇ ಹಾಕಿಕೊಳ್ಳುತ್ತದೆ. ಅದೇ ನಿಯಮದಿಂದ ಒಂದು ಅನುಕೂಲವೂ ಆಗಿದೆ. ಗುರುತಿನ ಜೊತೆಗೆ ‘ಹಿಂಸೆ’, ‘ಭಯ’, ‘ಬೈಗುಳ’, ‘ತಂಬಾಕು’ ಎಂದು ಕಾರಣವನ್ನೂ ತೋರಿಸಬೇಕು, 13+ ಮತ್ತು ಅದರ ಮೇಲಿನದಕ್ಕೆ ಪೋಷಕರ ಲಾಕ್ ಕೊಡಬೇಕು. ಸಂಖ್ಯೆಗಿಂತ ಆ ಕಾರಣದ ಪದವೇ ಹೆಚ್ಚು ಹೇಳುತ್ತದೆ. ‘ಬೈಗುಳ’ಕ್ಕಾಗಿ 7+ ಆದ ಸಿನಿಮಾ ಕನ್ನಡ ಡಬ್ಬಿಂಗ್‌ನಲ್ಲಿ ಐದು ವರ್ಷದ ಮಗುವಿಗೆ ತೊಂದರೆ ಕೊಡದೆ ಇರಬಹುದು. ‘ಭಯ’ಕ್ಕಾಗಿ 7+ ಆದದ್ದು ಎಂಟರ ಮಗುವಿನ ನಿದ್ದೆಯನ್ನೂ ಕೆಡಿಸಬಹುದು.

ಹೊರದೇಶದ ಅನಿಮೇಶನ್ ಸಿನಿಮಾಗಳಿಗೆ ಬ್ರಿಟನ್ನಿನ ರೇಟಿಂಗ್ ಮಂಡಳಿಯ ಜಾಲತಾಣ ನೋಡುವುದು ಒಳ್ಳೆಯ ಅಭ್ಯಾಸ. ಅಲ್ಲಿ ‘ಯು’ ಎಂದರೆ ನಾಲ್ಕು ವರ್ಷ ಮೇಲ್ಪಟ್ಟವರಿಗೆ, ‘ಪಿಜಿ’ ಎಂದರೆ ಸುಮಾರು ಎಂಟು ವರ್ಷದಿಂದ ಮೇಲಿನವರಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ ಎಂದರ್ಥ. ಯಾವ ಬಗೆಯ ದೃಶ್ಯಗಳಿವೆ ಎಂಬ ಟಿಪ್ಪಣಿಯೂ ಇರುತ್ತದೆ. ಅಮೆರಿಕದ ‘ಜಿ’ಯನ್ನು ನಾವು ಅಷ್ಟು ನಂಬುವುದಿಲ್ಲ. 2003ರ ‘ಫೈಂಡಿಂಗ್ ನೀಮೊ’ಗೆ ಅಲ್ಲಿ ಸಿಕ್ಕಿದ್ದು ಜಿ, ಎಂದರೆ ಎಲ್ಲ ವಯಸ್ಸಿನವರಿಗೂ. ಅದರ ಮೊದಲ ಐದು ನಿಮಿಷದಲ್ಲೇ ದೊಡ್ಡ ಮೀನೊಂದು ಬಂದು ಪುಟ್ಟ ಮೀನಿನ ತಾಯಿಯನ್ನೂ ಒಂದನ್ನು ಬಿಟ್ಟು ಎಲ್ಲ ಮೊಟ್ಟೆಗಳನ್ನೂ ಮುಗಿಸುತ್ತದೆ. ರಕ್ತ ಒಂದು ಹನಿ ಕಾಣುವುದಿಲ್ಲ, ಬೈಗುಳವಿಲ್ಲ, ಹಾಗಾಗಿ ರೇಟಿಂಗ್ ನಿಯಮಕ್ಕೆ ಅದು ಸಿಕ್ಕುವುದಿಲ್ಲ. ನಾಲ್ಕರ ಮಗುವಿಗೆ ಮಾತ್ರ ಅಮ್ಮ ಎಲ್ಲಿ ಹೋದಳು ಎಂಬ ಪ್ರಶ್ನೆ ಸಿನಿಮಾ ಮುಗಿಯುವವರೆಗೂ ಕಾಡುತ್ತದೆ.

ವಿದೇಶಿ ಪೋಷಕರು ಬರೆಯುವ ವಿಮರ್ಶೆ ತಾಣಗಳಿಗೆ ಇನ್ನೊಂದು ಮಿತಿ ಇದೆ. ಮುತ್ತು, ಬೈಗುಳ, ಬಂದೂಕುಗಳನ್ನು ಅವರು ಒಂದೊಂದಾಗಿ ಎಣಿಸುತ್ತಾರೆ. ನಮ್ಮ ಸಿನಿಮಾಗಳಲ್ಲಿ ಮಕ್ಕಳ ಕಿವಿಗೆ ಬೀಳುವ ಬೇರೆ ವಿಷಗಳು, ಎಂದರೆ ಕಪ್ಪು ಬಣ್ಣವನ್ನೋ ದಪ್ಪ ಮೈಯನ್ನೋ ಆಡಿಕೊಳ್ಳುವ ಕಾಮಿಡಿ ಟ್ರ್ಯಾಕ್, ಬೇಡವೆಂದವಳ ಹಿಂದೆ ಬೀಳುವ ನಾಯಕ, ಮೇಷ್ಟ್ರು ಮಕ್ಕಳಿಗೆ ಬಾರಿಸುವುದನ್ನು ನಗೆಯಾಗಿ ತೋರಿಸುವುದು, ಇವು ಅವರ ಪಟ್ಟಿಯಲ್ಲಿ ಸಿಗುವುದು ಕಡಿಮೆ. ಕನ್ನಡ ಸಿನಿಮಾದ ವಿಷಯದಲ್ಲಿ ಆಗಲೇ ನೋಡಿಬಂದ, ಅದೇ ವಯಸ್ಸಿನ ಮಕ್ಕಳಿರುವ ಪರಿಚಿತರನ್ನು ಕೇಳುವುದೇ ಮೇಲು. ಕೇಳುವಾಗ ಚೆನ್ನಾಗಿದೆಯಾ ಎಂದು ಕೇಳಬೇಡಿ, ‘ಚೆನ್ನಾಗಿದೆ’ ಎಂಬ ಉತ್ತರವಷ್ಟೇ ಬರುತ್ತದೆ. ಯಾರಾದರೂ ಸಾಯುತ್ತಾರಾ, ಮಗು ಕಳೆದುಹೋಗುತ್ತಾ, ನಿಮ್ಮ ಮಗು ಎಲ್ಲಿ ಕಣ್ಣು ಮುಚ್ಚಿಕೊಂಡಿತು ಎಂದು ಕೇಳಿ.

ಯಾವ ವಯಸ್ಸಿಗೆ ಯಾವ ಭಯ

ದೊಡ್ಡವರು ಎಡವುವುದು ಇಲ್ಲಿಯೇ ಹೆಚ್ಚು. ‘ಇದು ಸುಳ್ಳು ಕಣೋ, ಬರೀ ಕಾರ್ಟೂನು’ ಎಂಬ ಸಮಾಧಾನ ಎಂಟು ವರ್ಷದವನಿಗೆ ತಾಗುತ್ತದೆ, ನಾಲ್ಕು ವರ್ಷದವಳಿಗೆ ತಾಗುವುದಿಲ್ಲ. ಮಕ್ಕಳ ಭಯವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಅಮೆರಿಕದ ಸಂಶೋಧಕಿ ಜೊಆನ್ ಕ್ಯಾಂಟರ್ ತೋರಿಸಿದ್ದು ಇದನ್ನೇ. ಸುಮಾರು ಏಳು ವರ್ಷದೊಳಗಿನವರು ಕಣ್ಣಿಗೆ ಕಾಣುವ ರೂಪಕ್ಕೆ ಹೆದರುತ್ತಾರೆ. ಅದನ್ನು ದಾಟಿದವರು ನಿಜವಾಗಿ ನಡೆಯಬಹುದಾದದ್ದಕ್ಕೆ ಹೆದರುತ್ತಾರೆ. ಒಳ್ಳೆಯ ಮನುಷ್ಯನೊಬ್ಬ ಹಸಿರು ದೈತ್ಯನಾಗಿ ಬದಲಾಗುವ ಹಳೆಯ ‘ಹಲ್ಕ್’ ಟಿವಿ ಸರಣಿ ಪುಟ್ಟ ಮಕ್ಕಳನ್ನು ವಿಪರೀತ ಹೆದರಿಸುತ್ತಿತ್ತು. ದೈತ್ಯ ಒಳ್ಳೆಯವನೇ ಎಂಬುದು ಕಥೆಯಲ್ಲಿ ಎಷ್ಟು ಸ್ಪಷ್ಟವಿದ್ದರೂ, ಮುಖ ಬದಲಾಗುವ ಆ ಕ್ಷಣವೇ ಅವರಿಗೆ ತಡೆಯಲಾಗದ್ದು.

ಇದನ್ನು ಆಯ್ಕೆಗೆ ಇಳಿಸಿದರೆ ಹೀಗಾಗುತ್ತದೆ. ಮೂರರಿಂದ ಐದರ ಮಕ್ಕಳಿಗೆ ನೋಡಿಕೊಳ್ಳಬೇಕಾದದ್ದು ರೂಪ, ಸದ್ದು ಮತ್ತು ಅಗಲಿಕೆ. ಕೋರೆಹಲ್ಲು, ಕೆಂಪು ಕಣ್ಣು, ವೇಷ ಬದಲಾಗುವುದು, ಇದ್ದಕ್ಕಿದ್ದಂತೆ ಸಿಡಿಯುವ ಸಂಗೀತ, ಅಪ್ಪನೋ ಅಮ್ಮನೋ ಕಾಣೆಯಾಗುವುದು. ಕಥೆಯ ಕೊನೆಯಲ್ಲಿ ಎಲ್ಲ ಸರಿಹೋಗುತ್ತದೆ ಎಂಬುದು ಅವರಿಗೆ ಆಧಾರವಾಗುವುದಿಲ್ಲ, ಏಕೆಂದರೆ ಕೊನೆಯವರೆಗೆ ಮುಂದಾಲೋಚಿಸಿ ಕೂರುವ ವಯಸ್ಸಲ್ಲ ಅದು. ಐದರಿಂದ ಏಳರವರು ಕಥೆಯ ಎಳೆ ಹಿಡಿಯುತ್ತಾರೆ, ಕೆಟ್ಟವನು ಸೋಲುತ್ತಾನೆ ಎಂದು ಕಾಯುತ್ತಾರೆ. ಆದರೆ ಕೆಟ್ಟವನು ಗೆಲ್ಲುತ್ತಿರುವ ಭಾಗ ಹತ್ತು ನಿಮಿಷ ಮೀರಿದರೆ ಸೋತುಬಿಡುತ್ತಾರೆ. ಎಂಟು ದಾಟಿದವರಿಗೆ ರಾಕ್ಷಸರು ತಮಾಷೆ. ಅವರನ್ನು ಅಲುಗಾಡಿಸುವುದು ಅಪಹರಣ, ಬೆಂಕಿ ಅನಾಹುತ, ಆಸ್ಪತ್ರೆ, ಅಪ್ಪ ಅಮ್ಮನ ಜಗಳ, ಸಾಕಿದ ಪ್ರಾಣಿಯ ಸಾವು. ಅವರು ಥಿಯೇಟರಿನಲ್ಲಿ ಅಳುವುದಿಲ್ಲ. ಮೂರು ದಿನ ಬಿಟ್ಟು, ರಾತ್ರಿ ದೀಪ ಆರಿಸುವ ಹೊತ್ತಿಗೆ ‘ಅಮ್ಮಾ, ನಿಂಗೂ ಹಂಗೆ ಆಗುತ್ತಾ?’ ಎಂದು ಕೇಳುತ್ತಾರೆ.

ಒಂದೇ ಮನೆಯಲ್ಲಿ ನಾಲ್ಕು ಮತ್ತು ಒಂಬತ್ತರ ಮಕ್ಕಳಿದ್ದರೆ ಚಿಕ್ಕದಕ್ಕೆ ತಕ್ಕದ್ದನ್ನೇ ಆರಿಸಿ. ಚಿಕ್ಕವರ ಸಿನಿಮಾವನ್ನು ದೊಡ್ಡವನು ನೋಡಿ ಸ್ವಲ್ಪ ಬೇಸರಪಡಬಹುದು, ಅಷ್ಟೇ ನಷ್ಟ. ತಿರುಗಾಮುರುಗಾ ಆದರೆ ಚಿಕ್ಕದು ವಾರವಿಡೀ ಒಬ್ಬಳೇ ಬಚ್ಚಲುಮನೆಗೆ ಹೋಗಲು ಒಪ್ಪುವುದಿಲ್ಲ.

ಕಾರ್ಟೂನ್, ಪ್ರಾಣಿ, ಪುರಾಣ, ಮಕ್ಕಳ ಚಿತ್ರ

ಕಾರ್ಟೂನ್ ಎಂದ ಮಾತ್ರಕ್ಕೆ ಮಕ್ಕಳದ್ದಲ್ಲ. ಕೈಯಲ್ಲಿ ಬಿಡಿಸಿದ ಚಿತ್ರ, ನಿಜದಂತೆ ಕಾಣುವ ಕಂಪ್ಯೂಟರ್ ಚಿತ್ರ ಇವೆರಡಕ್ಕೂ ಎಷ್ಟು ಅಂತರ ಎಂಬುದು ‘ಲಯನ್ ಕಿಂಗ್’ನ ಎರಡು ಆವೃತ್ತಿಗಳನ್ನು ಪಕ್ಕಪಕ್ಕ ಇಟ್ಟರೆ ತಿಳಿಯುತ್ತದೆ. 1994ರದ್ದು 88 ನಿಮಿಷ. ಸಿಂಹದ ಮುಖದಲ್ಲಿ ನಗು, ಸಿಟ್ಟು ಬಿಡಿಸಿ ತೋರಿಸಿದ್ದಾರೆ, ಬಣ್ಣ ಗಾಢ. 2019ರದ್ದು 118 ನಿಮಿಷ, ಕತ್ತೆಕಿರುಬಗಳು ಬನ್ನೇರುಘಟ್ಟದ ಬೋನಿನಿಂದ ಎದ್ದು ಬಂದಷ್ಟು ನಿಜ. ಕಥೆ ಒಂದೇ, ತಂದೆ ಸಿಂಹ ಮರಿಯ ಕಣ್ಣೆದುರೇ ಸಾಯುವುದೂ ಎರಡರಲ್ಲಿದೆ. ಆರು ವರ್ಷದ ಮಗುವಿಗೆ ಮೊದಲನೆಯದನ್ನು ಪಕ್ಕದಲ್ಲಿ ಕೂತು ತೋರಿಸಬಹುದು. ಎರಡನೆಯದಕ್ಕೆ ಎಂಟಾದರೂ ಆಗಲಿ. ನಾಲ್ಕರ ಮಗುವಿಗೆ ಎರಡೂ ಬೇಡ.

ನಾಲ್ಕೂವರೆ, ಐದಕ್ಕೆ ನಮ್ಮ ಮೊದಲ ಶಿಫಾರಸು 1988ರ ಜಪಾನಿ ಚಿತ್ರ ‘ಮೈ ನೇಬರ್ ಟೊಟೊರೊ’, 86 ನಿಮಿಷ, ಎರಡು ಸಲಕ್ಕೆ ಹಂಚಿ. ಅದರಲ್ಲಿ ಕೆಟ್ಟವರೇ ಇಲ್ಲ. ಮಳೆ, ಮರ, ಅಕ್ಕ ತಂಗಿ, ಒಂದು ಭಾರೀ ಮೆತ್ತನೆಯ ಪ್ರಾಣಿ. ಎಚ್ಚರ ಬೇಕಾದ್ದು ಒಂದೇ ಕಡೆ: ಅಮ್ಮ ಆಸ್ಪತ್ರೆಯಲ್ಲಿದ್ದಾಳೆ, ಕೊನೆಯ ಕಾಲುಭಾಗದಲ್ಲಿ ಪುಟ್ಟ ತಂಗಿ ದಾರಿ ತಪ್ಪಿ ಎಲ್ಲರೂ ಹುಡುಕುತ್ತಾರೆ. ಆ ಹೊತ್ತಿಗೆ ಮಗುವನ್ನು ಮಡಿಲಿಗೆ ಎಳೆದುಕೊಂಡು ‘ಸಿಗ್ತಾಳೆ ಈಗ’ ಎಂದು ಮುಂಚೆಯೇ ಹೇಳಿಬಿಡಿ. ಕಥೆಯ ಗುಟ್ಟು ಬಿಟ್ಟುಕೊಟ್ಟರೆ ದೊಡ್ಡವರ ಮಜಾ ಹಾಳಾಗಬಹುದು, ಈ ವಯಸ್ಸಿನವರ ಮಜಾ ಹೆಚ್ಚುತ್ತದೆ. ಜಪಾನಿ ಅನಿಮೇಶನ್ ಎಂಬ ಒಂದೇ ಕಾರಣಕ್ಕೆ ಪಕ್ಕದ್ದನ್ನೆಲ್ಲ ಹಾಕಬೇಡಿ. ಅದೇ ವರ್ಷ, ಅದೇ ಸ್ಟುಡಿಯೋದಿಂದ ಬಂದ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’ ಯುದ್ಧದಲ್ಲಿ ಹಸಿವಿನಿಂದ ಸಾಯುವ ಅಣ್ಣ ತಂಗಿಯ ಕಥೆ. ಅದನ್ನು ದೊಡ್ಡವರಾದ ಮೇಲೆ ನೋಡಿಕೊಳ್ಳಲಿ.

ಪ್ರಾಣಿಗಳಿರುವ ಸಿನಿಮಾ ಎಂದು ನಂಬಿ ಕೂರಿಸುವುದು ಇನ್ನೊಂದು ತಪ್ಪು. 2022ರ ‘777 ಚಾರ್ಲಿ’ ಪೋಸ್ಟರಿನಲ್ಲಿ ಮುದ್ದಾದ ಲ್ಯಾಬ್ರಡಾರ್ ಇದೆ. ಸಿನಿಮಾ ಎರಡೂ ಮುಕ್ಕಾಲು ಗಂಟೆಯ ಹತ್ತಿರ, ನಾಯಿ ಹಿಂಸೆ ಅನುಭವಿಸುತ್ತದೆ, ಕ್ಯಾನ್ಸರ್ ಬರುತ್ತದೆ, ಸಾಯುತ್ತದೆ. ಒಳ್ಳೆಯ ಸಿನಿಮಾ, ಹತ್ತು ವರ್ಷದ ಮಗುವಿನ ಜೊತೆ ನೋಡಿ ಮಾತಾಡಲು ಬಹಳ ಇದೆ. ಮನೆಯಲ್ಲಿ ವಯಸ್ಸಾದ ನಾಯಿ ಇದ್ದರೆ ಮಾತ್ರ ಹತ್ತರ ಮಗುವಿಗೂ ಯೋಚಿಸಿ. ಐದರ ಮಗುವಿಗೆ ಪ್ರಾಣಿಗಳನ್ನೇ ತೋರಿಸಬೇಕೆಂದರೆ ‘ವೈಲ್ಡ್ ಕರ್ನಾಟಕ’ ಸಾಕ್ಷ್ಯಚಿತ್ರ ಹೆಚ್ಚು ಹೊಂದುತ್ತದೆ. ಒಂದು ಗಂಟೆಯೊಳಗೆ ಮುಗಿಯುತ್ತದೆ, ರಿಷಬ್ ಶೆಟ್ಟಿಯವರ ದನಿಯಲ್ಲಿ ಕನ್ನಡ ನಿರೂಪಣೆ ಇದೆ, ಬೇಟೆಯ ದೃಶ್ಯ ಬಂದರೆ ಮುಂದಕ್ಕೆ ಓಡಿಸಿದರೂ ಕಥೆ ಕೆಡುವುದಿಲ್ಲ.

ಪುರಾಣದ ಸಿನಿಮಾಗಳ ಬಗ್ಗೆ ನಮ್ಮ ಮನೆಗಳಲ್ಲಿ ಯಾರೂ ಪ್ರಶ್ನೆಯೇ ಎತ್ತುವುದಿಲ್ಲ, ದೇವರ ಕಥೆ ತಾನೇ ಎನ್ನುತ್ತಾರೆ. ಅಜ್ಜಿ ತುತ್ತು ಕೊಡುತ್ತ ಹೇಳುವ ಪ್ರಹ್ಲಾದನ ಕಥೆಯಲ್ಲಿ ನರಸಿಂಹ ಕಂಬ ಒಡೆದು ಬಂದರೆ, ಮಗು ತನಗೆ ತಡೆಯುವಷ್ಟೇ ದೊಡ್ಡ ನರಸಿಂಹನನ್ನು ಕಲ್ಪಿಸಿಕೊಳ್ಳುತ್ತದೆ. ಪರದೆ ಆ ಅಳತೆಯನ್ನು ಮಗುವಿನ ಕೈಯಿಂದ ಕಿತ್ತುಕೊಳ್ಳುತ್ತದೆ. 1983ರ ‘ಭಕ್ತ ಪ್ರಹ್ಲಾದ’ದಲ್ಲಿ ರಾಜ್‌ಕುಮಾರ್ ಹಿರಣ್ಯಕಶಿಪು, ಬಾಲಕ ಪುನೀತ್ ಪ್ರಹ್ಲಾದ, ಅಂದಿನ ಟ್ರಿಕ್ ಶಾಟ್‌ಗಳು ಇಂದಿನ ಮಕ್ಕಳನ್ನು ಅಷ್ಟಾಗಿ ಬೆಚ್ಚಿಸವು. ಆದರೂ ತಂದೆಯೇ ಮಗನನ್ನು ಕೊಲ್ಲಿಸಲು ಮತ್ತೆ ಮತ್ತೆ ನೋಡುವ ಕಥೆ ಅದು, ಆರು ವರ್ಷ ದಾಟಲಿ. 2025ರಲ್ಲಿ ಬಂದ ಅನಿಮೇಶನ್ ಚಿತ್ರ ‘ಮಹಾವತಾರ ನರಸಿಂಹ’ ಅದೇ ಕಥೆಯನ್ನು ಇಂದಿನ ಧ್ವನಿ, ಇಂದಿನ ಗ್ರಾಫಿಕ್ಸ್‌ನಲ್ಲಿ ಹೇಳುತ್ತದೆ. ಯುದ್ಧವೂ ಸಂಹಾರವೂ ಉಗ್ರ. ನಮ್ಮ ಅಂದಾಜಿನಲ್ಲಿ ಹತ್ತಕ್ಕಿಂತ ಚಿಕ್ಕವರಿಗೆ ದೊಡ್ಡ ಪರದೆಯಲ್ಲಿ ಅದು ಭಾರವೇ.

ಇನ್ನು ಮಕ್ಕಳಿರುವ ಸಿನಿಮಾಗಳು. ಮಕ್ಕಳು ಮುಖ್ಯ ಪಾತ್ರದಲ್ಲಿರುವುದಕ್ಕೂ ಮಕ್ಕಳು ನೋಡಬಹುದು ಎಂಬುದಕ್ಕೂ ನೇರ ಸಂಬಂಧವಿಲ್ಲ. ಕನ್ನಡದಲ್ಲಿ ಪ್ರಶಸ್ತಿ ಪಡೆದ ಎಷ್ಟೋ ಮಕ್ಕಳ ಚಿತ್ರಗಳು ಬಡತನ, ಜಾತಿ, ಅಗಲಿಕೆಯ ಬಗ್ಗೆ ದೊಡ್ಡವರ ಜೊತೆ ಮಾತಾಡುತ್ತವೆ. 1994ರ ‘ಕೊಟ್ರೇಶಿ ಕನಸು’ ಓದಬೇಕೆಂಬ ದಲಿತ ಹುಡುಗನ ಕಥೆ. ಹತ್ತು ಹನ್ನೊಂದಕ್ಕೆ ಅಪ್ಪ ಅಮ್ಮನ ಜೊತೆ ಕೂತು ನೋಡಿದರೆ ಅದರ ತೂಕ ತಿಳಿಯುತ್ತದೆ, ಏಳಕ್ಕೆ ತಿಳಿಯುವುದಿಲ್ಲ. 1985ರ ‘ಬೆಟ್ಟದ ಹೂವು’ ಏಳೆಂಟರವರಿಗೆ ಸಾಧ್ಯ: ಪುಸ್ತಕ ಕೊಳ್ಳಲು ಕಾಡಿನ ಹೂ ಆಯ್ದು ಕಾಸು ಕೂಡಿಡುವ ಹುಡುಗ ಕೊನೆಗೆ ಮನೆಯವರಿಗೆ ಕಂಬಳಿ ಕೊಳ್ಳುತ್ತಾನೆ. ವೇಗ ನಿಧಾನ, ಎರಡು ಸಂಜೆಗೆ ಹಂಚಿ. 2018ರ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು’ ಮೊದಲರ್ಧ ತರಗತಿಯ ತಂಟೆ, ನಗು. ಮುಂದೆ ಶಾಲೆ ಉಳಿಸುವ ಹೋರಾಟ, ಕೋರ್ಟು, ವಾದ. ಆರರ ಮಗು ಕೋರ್ಟಿನ ಹೊತ್ತಿಗೆ ಕುರ್ಚಿಯಲ್ಲಿ ತಲೆಕೆಳಗಾಗಿರುತ್ತದೆ. ಎಂಟರಿಂದ ಮೇಲೆ ಧಾರಾಳವಾಗಿ ತೋರಿಸಿ. ಬೆಂಗಳೂರಿನ ಮಗುವಿಗೆ ಹತ್ತಿರವಾಗುವ ಇನ್ನೊಂದು 2008ರ ‘ಗುಬ್ಬಚ್ಚಿಗಳು’. ಊರಿನಿಂದ ಕಾಣೆಯಾದ ಗುಬ್ಬಿಗಳನ್ನು ಹುಡುಕಿ ಹೊರಡುವ ಮಕ್ಕಳ ಕಥೆ, ಏಳಕ್ಕೆ ಸರಿ.

ದೊಡ್ಡ ಸ್ಟಾರ್‌ಗಳ ‘ಫ್ಯಾಮಿಲಿ’ ಸಿನಿಮಾಗಳ ಬಗ್ಗೆ ಉದ್ದ ಬೇಕಿಲ್ಲ. ಫೈಟು, ಮಚ್ಚು, ಎರಡೂವರೆ ಗಂಟೆಯ ಅಬ್ಬರ. ಎಂಟರ ಕೆಳಗಿನವರನ್ನು ಅಜ್ಜಿ ತಾತನ ಬಳಿ ಬಿಟ್ಟು ಹೋಗಿ.

ಉದ್ದ ಮತ್ತು ಭಾಷೆ

ಕೂರುವ ತಾಳ್ಮೆಯ ಅಂದಾಜು: ನಾಲ್ಕಕ್ಕೆ 30ರಿಂದ 40 ನಿಮಿಷ, ಐದಾರಕ್ಕೆ 60ರಿಂದ 80, ಏಳೆಂಟಕ್ಕೆ 100, ಆಮೇಲೆ ಎರಡು ಗಂಟೆ. ಬೆಂಗಳೂರಿನಲ್ಲಿ ಇದಕ್ಕೆ ರಸ್ತೆಯ ಹೊತ್ತನ್ನು ಕೂಡಿಸದೆ ಲೆಕ್ಕ ಪೂರ್ತಿಯಾಗುವುದಿಲ್ಲ. ಹೋಗಲು ಒಂದು ಗಂಟೆ, ಜಾಹೀರಾತು 15 ನಿಮಿಷ, ಸಿನಿಮಾ, ಇಂಟರ್‌ವಲ್, ಪಾರ್ಕಿಂಗ್‌ನಿಂದ ಗಾಡಿ ತೆಗೆಯುವುದು, ವಾಪಸ್ ಒಂದು ಗಂಟೆ ಎಲ್ಲ ಸೇರಿದರೆ 90 ನಿಮಿಷದ ಸಿನಿಮಾ ನಾಲ್ಕು ಗಂಟೆ ಮುಟ್ಟುತ್ತದೆ. ಮಗುವಿನ ಮಧ್ಯಾಹ್ನದ ನಿದ್ದೆ ಅದರಲ್ಲಿ ಹೋಗಿರುತ್ತದೆ.

ಭಾಷೆಯ ವಿಷಯವನ್ನು ಹಗುರ ಮಾಡಬೇಡಿ. ಏಳೆಂಟರವರೆಗೆ ಮಕ್ಕಳಿಗೆ ಸಬ್‌ಟೈಟಲ್ ಓದುವ ವೇಗ ಇರುವುದಿಲ್ಲ. ಇಂಗ್ಲಿಷ್ ಮೀಡಿಯಂ ಶಾಲೆಗೆ ಹೋಗುವ ಮಗುವಿಗೂ ಅಮೆರಿಕದ ಉಚ್ಚಾರಣೆಯ ವೇಗದ ಮಾತು ಅರ್ಧ ತಪ್ಪುತ್ತದೆ. ಮಾತು ತಪ್ಪಿದ ಮಗುವಿಗೆ ಉಳಿಯುವುದು ಚಿತ್ರ ಮತ್ತು ಸದ್ದು. ಭಯ ಹುಟ್ಟಿಸುವುದೂ ಅವೇ. ಕನ್ನಡ ಡಬ್ಬಿಂಗ್ ಸಿಕ್ಕರೆ ಅದನ್ನೇ ಆರಿಸಿ. ಒಟಿಟಿಯಲ್ಲಿ ಪ್ಲೇ ಒತ್ತಿದ ಮೇಲೆ ಆಡಿಯೊ ಪಟ್ಟಿ ತೆರೆದು ನೋಡಿ, ಕೆಲವು ಸಲ ಕನ್ನಡ ಇದ್ದರೂ ಮುಖಪುಟದಲ್ಲಿ ಕಾಣುವುದಿಲ್ಲ. ಕನ್ನಡ ಇಲ್ಲದಿದ್ದರೆ ಮಾತು ಕಡಿಮೆ ಇರುವ ಸಿನಿಮಾ ಆರಿಸಿ, ಇಲ್ಲವೇ ದನಿ ತಗ್ಗಿಸಿ ಪಕ್ಕದಲ್ಲಿ ಕೂತು ನೀವೇ ಹೇಳುತ್ತ ಹೋಗಿ. ಐದರೊಳಗಿನವರಿಗೆ ಈ ಕೊನೆಯ ಕ್ರಮ ಎಲ್ಲಕ್ಕಿಂತ ಹಿತ.

ಇಪ್ಪತ್ತೈದು ನಿಮಿಷದಲ್ಲಿ ಮೊದಲೇ ನೋಡುವುದು

ಮನೆಯಲ್ಲಿ ತೋರಿಸುವ ಸಿನಿಮಾವನ್ನು ಪೂರ್ತಿ ನೋಡಿಯೇ ತೋರಿಸಬೇಕೆಂದರೆ ಕೆಲಸಕ್ಕೆ ಹೋಗುವ ಯಾರಿಗೂ ಆಗದು. ಎಲ್ಲಿ ನೋಡಬೇಕೆಂದು ಗೊತ್ತಿದ್ದರೆ ಸಾಕು. ಮೊದಲ ಹತ್ತು ನಿಮಿಷ ಕಡ್ಡಾಯ, ತಾಯಿ ತಂದೆ ಸಾಯುವುದಿದ್ದರೆ ಸಾಮಾನ್ಯವಾಗಿ ಅಲ್ಲೇ. ಆಮೇಲೆ ಒಟ್ಟು ಉದ್ದದ ಶೇ 70ರಿಂದ 85ರ ಭಾಗ. 90 ನಿಮಿಷದ ಸಿನಿಮಾದಲ್ಲಿ ಅದು 63ನೇ ನಿಮಿಷದಿಂದ 76ರವರೆಗೆ. ಎಲ್ಲ ಕೈಮೀರಿತು ಎನಿಸುವ ಘಟ್ಟ ಹೆಚ್ಚಿನ ಕಥೆಗಳಲ್ಲಿ ಬರುವುದು ಅಲ್ಲಿಯೇ. ಕೊನೆಗೆ ಮುಕ್ತಾಯದ ಎರಡು ನಿಮಿಷ. ನೋಡುವಾಗ ದನಿ ಇಟ್ಟುಕೊಂಡೇ ನೋಡಿ, ಒಂದೆರಡು ಕಡೆ ಪರದೆಯಿಂದ ಕಣ್ಣು ತೆಗೆದು ಬರೀ ಸಂಗೀತ ಕೇಳಿ. ಭಯದ ಬಹುಪಾಲು ಅದರಲ್ಲಿರುತ್ತದೆ.

ಮಗುವಿಗೆ ಟ್ರೇಲರ್ ತೋರಿಸಿ ಒಪ್ಪಿಗೆ ಕೇಳುವುದು ಕೆಲಸಕ್ಕೆ ಬಾರದು. ಟ್ರೇಲರ್‌ನಲ್ಲಿ ಸಿನಿಮಾದ ಅತಿ ಜೋರಿನ ಎರಡು ನಿಮಿಷ ಮಾತ್ರ ಇರುತ್ತದೆ. ಒಳ್ಳೆಯ ಮೆತ್ತನೆಯ ಸಿನಿಮಾವನ್ನೂ ಅದನ್ನು ನೋಡಿಯೇ ಬೇಡವೆನ್ನುತ್ತಾರೆ.

ಒಟಿಟಿಯಲ್ಲಿ ಮಕ್ಕಳಿಗೆ ಬೇರೆ ಪ್ರೊಫೈಲ್ ಮಾಡಿ, ದೊಡ್ಡವರ ಪ್ರೊಫೈಲ್‌ಗೆ ಪಿನ್ ಹಾಕಿ. ಎರಡನೆಯದನ್ನು ಮರೆತರೆ ಮೊದಲನೆಯದು ವ್ಯರ್ಥ, ಮಗು ಒಂದು ಬಟನ್ ಒತ್ತಿ ಈಚೆ ಬರುತ್ತದೆ. ಮುಂದಿನದು ತಾನೇ ಶುರುವಾಗುವ ಸೌಲಭ್ಯವನ್ನೂ, ಪ್ರಿವ್ಯೂ ತಾನೇ ಓಡುವುದನ್ನೂ ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಿ. ಯೂಟ್ಯೂಬ್ ಕಿಡ್ಸ್‌ನಲ್ಲಿ ವಯಸ್ಸಿನ ಗುಂಪು ಆರಿಸುವುದಕ್ಕಿಂತ ನೀವು ಒಪ್ಪಿದ ವಿಡಿಯೊ ಮಾತ್ರ ತೋರಿಸುವ ಆಯ್ಕೆ ಇದೆ, ಅದನ್ನೇ ಹಾಕಿ.

ಥಿಯೇಟರೋ, ಮನೆಯೋ

ಐದು ತುಂಬುವವರೆಗೆ ಮನೆ. ಇದರಲ್ಲಿ ನಮಗೆ ಅನುಮಾನವಿಲ್ಲ. ಮನೆಯಲ್ಲಿ ದೀಪ ಹಾಕಬಹುದು, ನಿಲ್ಲಿಸಬಹುದು, ಸದ್ದು ತಗ್ಗಿಸಬಹುದು. ಥಿಯೇಟರಿನಲ್ಲಿ ಮಗುವಿನ ಕೈಯಲ್ಲಿ ಏನೂ ಇರುವುದಿಲ್ಲ.

ಕತ್ತಲೆಯ ಹಾಲ್ ರೂಢಿ ಮಾಡಿಸಲು ಬೆಂಗಳೂರಿನಲ್ಲಿ ಸಿನಿಮಾಕ್ಕಿಂತ ಒಳ್ಳೆಯ ಜಾಗಗಳಿವೆ. ಟಿ. ಚೌಡಯ್ಯ ರಸ್ತೆಯ ಜವಾಹರಲಾಲ್ ನೆಹರು ತಾರಾಲಯದಲ್ಲಿ ಕನ್ನಡದಲ್ಲೂ ಪ್ರದರ್ಶನ ಇರುತ್ತದೆ, ಪೂರ್ತಿ ಸಿನಿಮಾಕ್ಕಿಂತ ಎಷ್ಟೋ ಚಿಕ್ಕದು, ಕತ್ತಲು ನಿಧಾನಕ್ಕೆ ಕವಿಯುತ್ತದೆ. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನ 3ಡಿ ಪ್ರದರ್ಶನವೂ ಹಾಗೆಯೇ ಚಿಕ್ಕದು. ಜೆ.ಪಿ. ನಗರದ ರಂಗಶಂಕರದಲ್ಲಿ ಮಕ್ಕಳ ನಾಟಕ ನೋಡಿದ ಮಗುವಿಗೆ ಸುಮ್ಮನೆ ಕೂರುವುದು, ದೀಪ ಆರುವುದು ಎರಡೂ ಗೊತ್ತಿರುತ್ತವೆ. ಇವುಗಳಲ್ಲಿ ಒಂದೆರಡಕ್ಕೆ ಹೋಗಿಬಂದ ಮೇಲೆ ಮೊದಲ ಸಿನಿಮಾ.

ಮೊದಲ ಸಿನಿಮಾಕ್ಕೆ ಮನೆಗೆ ಹತ್ತಿರದ ಹಾಲ್, ಇಲ್ಲವೇ ಮೆಟ್ರೊ ಇಳಿದರೆ ಸಿಗುವ ಹಾಲ್ ಆರಿಸಿ. ಮಲ್ಲೇಶ್ವರದ ಮಾಲ್‌ಗೆ ಸಂಪಿಗೆ ರಸ್ತೆ ನಿಲ್ದಾಣವಿದೆ, ರಾಜಾಜಿನಗರದ ಕಡೆಗೆ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ನಿಲ್ದಾಣವಿದೆ. ಅರ್ಧಕ್ಕೆ ಎದ್ದು ಬರಬೇಕಾದಾಗ ಟ್ರಾಫಿಕ್ಕಿನ ಯೋಚನೆ ಇರಬಾರದು. ಆ ಯೋಚನೆ ಇದ್ದರೆ ಅಪ್ಪ ಅಮ್ಮ ‘ಇನ್ನೊಂಚೂರು ಕೂತ್ಕೋ’ ಎಂದು ಎಳೆಯುತ್ತಾರೆ, ಕೆಡುವುದು ಅಲ್ಲಿಯೇ. ಬೆಳಗಿನ ಮೊದಲ ಶೋ, ಸಿನಿಮಾ ಬಂದು ಎರಡನೇ ವಾರ. ಮೊದಲ ದಿನದ ಸಿಂಗಲ್ ಸ್ಕ್ರೀನ್‌ನಲ್ಲಿ ಶಿಳ್ಳೆ, ತಮಟೆ, ಕಾಗದ ತೂರಾಟ ದೊಡ್ಡವರಿಗೆ ಹಬ್ಬ, ಮಗುವಿಗೆ ಗಾಬರಿ.

ಸೀಟು ಹಿಂದಿನ ಮೂರನೇ ಒಂದು ಭಾಗದಲ್ಲಿ, ಓಡಾಡುವ ದಾರಿಯ ಪಕ್ಕ. ಗೋಡೆಗೆ ಅಂಟಿದ ಮೂಲೆ ಸೀಟು ಬೇಡ, ಪಕ್ಕದ ಸ್ಪೀಕರ್ ಮಗುವಿನ ಕಿವಿಯ ಮಟ್ಟಕ್ಕೇ ಬಡಿಯುತ್ತದೆ. ಕಿವಿಗೆ ಹತ್ತಿ ಇಟ್ಟರೆ ಏನೂ ಸಾಲದು. ಮಕ್ಕಳ ಅಳತೆಯ ಇಯರ್‌ಮಫ್ ಸಿಗುತ್ತದೆ, ಸದ್ದನ್ನು 20 ಡೆಸಿಬಲ್‌ಗಿಂತ ಹೆಚ್ಚು ತಗ್ಗಿಸುವಂಥದ್ದನ್ನು ಕೊಂಡು, ಹೋಗುವ ಮುಂಚೆ ಮನೆಯಲ್ಲಿ ಹಾಕಿ ರೂಢಿ ಮಾಡಿಸಿ. 2ಡಿ, 3ಡಿ ಎರಡೂ ಇದ್ದರೆ 2ಡಿ. 3ಡಿ ಕನ್ನಡಕ ಪುಟ್ಟ ಮೂಗಿನ ಮೇಲೆ ನಿಲ್ಲುವುದಿಲ್ಲ, ಜಾರಿದಾಗಲೆಲ್ಲ ಚಿತ್ರ ಎರಡೆರಡಾಗಿ ಕಾಣುತ್ತದೆ, ತಲೆನೋವು ಬರುತ್ತದೆ.

ಒಳಗೆ ಹೋಗುವ ಸಮಯ ಬಹಳ ಮುಖ್ಯ. ಸಿನಿಮಾಕ್ಕೆ ಮುಂಚೆ ದೊಡ್ಡವರ ಸಿನಿಮಾಗಳ ಟ್ರೇಲರ್‌ಗಳು ಬರುತ್ತವೆ. ತಂಬಾಕಿನ ದೃಶ್ಯವಿರುವ ಸಿನಿಮಾಗಳ ಆರಂಭದಲ್ಲೂ ನಡುವಿನಲ್ಲೂ ತಂಬಾಕು ವಿರೋಧಿ ಜಾಹೀರಾತು ಕಡ್ಡಾಯ. ಕ್ಯಾನ್ಸರ್ ಆದ ಬಾಯಿ, ಗಂಟಲಿನ ಚಿತ್ರಗಳು ಅದರಲ್ಲಿರುತ್ತವೆ. ಇಡೀ ಸಿನಿಮಾದಲ್ಲಿ ಹೆದರದ ಮಗು ಈ ಅರ್ಧ ನಿಮಿಷಕ್ಕೆ ಹೆದರಿದ್ದುಂಟು. ಒಬ್ಬರು ಒಳಗೆ ಕೂತು, ಇನ್ನೊಬ್ಬರು ಮಗುವಿನ ಜೊತೆ ಹೊರಗೆ ಪಾಪ್‌ಕಾರ್ನ್ ಕೊಳ್ಳುತ್ತಿದ್ದು, ಹೆಸರು ಬರುವ ಹೊತ್ತಿಗೆ ಫೋನ್ ಮೆಸೇಜ್ ನೋಡಿ ಒಳಗೆ ಬನ್ನಿ. ಇಂಟರ್‌ವಲ್ ಮುಗಿದ ಮೇಲೂ ಹೀಗೇ ಎರಡು ನಿಮಿಷ ತಡ ಮಾಡಿ.

ಇಂಟರ್‌ವಲ್ ಸಾಮಾನ್ಯವಾಗಿ ಕಥೆ ಬಿಗಿಯಾದ ಕಡೆಗೇ ಬೀಳುತ್ತದೆ, ಹೊರದೇಶದ ಸಿನಿಮಾದಲ್ಲಂತೂ ದೃಶ್ಯದ ನಡುವೆಯೇ ದೀಪ ಹತ್ತುತ್ತದೆ. ಆ ಹೊತ್ತು ಮಗುವನ್ನು ಹೊರಗೆ ಕರೆದೊಯ್ದು ಕೈಕಾಲು ಆಡಿಸಲು ಬಿಟ್ಟು ಕೇಳಿ: ಇನ್ನೂ ನೋಡೋಣವಾ, ಮನೆಗೆ ಹೋಗೋಣವಾ? ಮನೆಗೆ ಎಂದರೆ ಮನೆಗೆ. ಟಿಕೆಟ್ ದುಡ್ಡಿನ ಮಾತು ಎತ್ತಬೇಡಿ.

ನಡುವೆ ಹೆದರಿಬಿಟ್ಟರೆ

ಏಳರ ಕೆಳಗಿನ ಮಗುವಿಗೆ ವಿವರಣೆ ಕೊಡಬೇಡಿ. ಅಪ್ಪಿಕೊಳ್ಳಿ, ಕಿವಿ ಮುಚ್ಚಿ, ಕುಡಿಯಲು ನೀರು ಕೊಡಿ, ಆಗದಿದ್ದರೆ ಎತ್ತಿಕೊಂಡು ಬೆಳಕಿಗೆ ಬನ್ನಿ. ಬರೀ ಕಣ್ಣು ಮುಚ್ಚಿಸಿದರೆ ಸಾಲದು. ಸದ್ದು ಕೇಳುತ್ತಿರುತ್ತದೆ, ಕಾಣದ್ದನ್ನು ಮಗು ಇನ್ನೂ ದೊಡ್ಡದಾಗಿ ಕಲ್ಪಿಸಿಕೊಳ್ಳುತ್ತದೆ. ‘ಇಷ್ಟಕ್ಕೆಲ್ಲ ಹೆದರ್ತಾರಾ’ ಎಂದು ನಗುವ ಮಾವ, ಚಿಕ್ಕಪ್ಪಂದಿರು ಜೊತೆಗಿದ್ದರೆ ಅವರಿಗೆ ಮೊದಲೇ ಹೇಳಿಟ್ಟಿರಿ. ಎಂಟು ದಾಟಿದವರಿಗೆ ಮಾತು ಬೇಕು. ಆ ಬೆಂಕಿ ಹೇಗೆ ಮಾಡಿದರು, ಆ ನಾಯಿ ನಿಜಕ್ಕೂ ಸತ್ತಿತಾ, ನಮ್ಮ ಮನೆಯಲ್ಲಿ ಹಾಗಾದರೆ ನಾವೇನು ಮಾಡುತ್ತೇವೆ ಎಂದು ನೇರವಾಗಿ ಹೇಳಿ.

ಆ ರಾತ್ರಿ ಮಗು ಅದೇ ದೃಶ್ಯವನ್ನು ಮತ್ತೆ ಮತ್ತೆ ಹೇಳಿದರೆ ತಡೆಯಬೇಡಿ. ಬಳಪ, ಕಾಗದ ಕೊಟ್ಟರೆ ಬಿಡಿಸುತ್ತದೆ, ಕೆಲವು ಮಕ್ಕಳು ಆಟದಲ್ಲಿ ತಾವೇ ರಾಕ್ಷಸರಾಗುತ್ತಾರೆ. ನಾಲ್ಕೈದು ದಿನಕ್ಕೆ ಇಳಿಯುತ್ತದೆ. ಎರಡು ವಾರ ಕಳೆದರೂ ನಿದ್ದೆಯಲ್ಲಿ ಬೆಚ್ಚುವುದು, ಹಾಸಿಗೆ ಒದ್ದೆಯಾಗುವುದು ನಿಲ್ಲದಿದ್ದರೆ ಮಕ್ಕಳ ಡಾಕ್ಟರ ಬಳಿ ಹೇಳಿ. ಅದೇ ಸಿನಿಮಾವನ್ನು ಭಯ ಬಿಡಿಸಲೆಂದು ತಕ್ಷಣ ಮತ್ತೆ ಹಾಕುವುದು ಬೇಡ. ಮಗುವೇ ಕೇಳಿದರೆ, ಹಗಲು ಹೊತ್ತಿನಲ್ಲಿ, ಕಿಟಕಿ ತೆರೆದು, ರಿಮೋಟ್ ಮಗುವಿನ ಕೈಗೇ ಕೊಟ್ಟು ಹಾಕಿ.